ಏಳು ಹಾಳೆ, ಒಂದೇ ಅಂಕಿ

ಮಂಗಳವಾರ ಸಂಜೆ ಆರು ಗಂಟೆ ನಲವತ್ತು ನಿಮಿಷಕ್ಕೆ ಅಳತೆಯ ಏಳನೇ ಹಾಳೆ ಮುಗಿಯಿತು. ಬೆಳಕಿನ ವೇಗ ಸೆಕೆಂಡಿಗೆ 2,99,774 ಕಿಲೋಮೀಟರ್ ಎಂದು ಬಂತು. ಮೊದಲನೇ ಹಾಳೆಯಲ್ಲೂ ಅಷ್ಟೇ ಬಂದಿತ್ತು, ನಾಲ್ಕನೆಯದರಲ್ಲೂ ಅಷ್ಟೇ. ಉಳಿದವುಗಳಲ್ಲಿ ಒಂದು ಹೆಚ್ಚು, ಇಲ್ಲವೇ ಒಂದು ಕಡಿಮೆ. ಒಂದೇ ಒಂದು ಹಾಳೆಯಲ್ಲಿ ಎರಡು ಹೆಚ್ಚು.

ಲೆಕ್ಕದಕ್ಕ ಲೆಕ್ಕದ ಯಂತ್ರದ ಹಿಡಿ ಬಿಟ್ಟು ಏಳೂ ಹಾಳೆಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿದಳು. ಬೇರೆ ಯಾರಾದರೂ ಆಗಿದ್ದರೆ ಕೈ ಕೊಡವಿಕೊಂಡು ಖುಷಿಯಿಂದ ಮನೆಗೆ ಹೋಗುತ್ತಿದ್ದರು. ಅವಳು ಮಾತ್ರ ಕುರ್ಚಿ ಎಳೆದು ಮತ್ತೆ ಕೂತಳು.

ಅಳತೆ ಸಂಸ್ಥೆಯ ಲೆಕ್ಕದ ಕೋಣೆಯಲ್ಲಿ ಅವಳಿಗೆ ಅದು ಇಪ್ಪತ್ತೆರಡನೇ ವರ್ಷ. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಉಳಿದಿರಲಿಲ್ಲ. ಗೇಟಿನ ಕಾವಲುಗಾರನಿಂದ ಹಿಡಿದು ನಿರ್ದೇಶಕರವರೆಗೆ ಎಲ್ಲರಿಗೂ ಅವಳು ಲೆಕ್ಕದಕ್ಕ. ಅಂಕಿಗಳ ಸ್ವಭಾವ ಅವಳಿಗೆ ಗೊತ್ತಿತ್ತು. ಒಂದೊಂದು ರೀಡಿಂಗೂ ಅರವತ್ತು ಎಪ್ಪತ್ತು ಕಿಲೋಮೀಟರ್ ಆಚೀಚೆ ಓಡಾಡುತ್ತಿರುವಾಗ ಹತ್ತು ಹದಿನೈದು ರೀಡಿಂಗಿನ ಸರಾಸರಿ ಕಡೇಪಕ್ಷ ಹದಿನೈದು ಇಪ್ಪತ್ತಾದರೂ ಅಲುಗಾಡಲೇಬೇಕು. ಕುಡುಕರ ಗುಂಪು ಗೆರೆ ಎಳೆದ ಹಾಗೆ ನೇರವಾಗಿ ನಡೆದು ಬಂದರೆ ಕುಡಿದಿಲ್ಲ ಎಂದರ್ಥ, ಇಲ್ಲವೇ ಹಿಂದಿನಿಂದ ಯಾರೋ ಹಿಡಿದುಕೊಂಡಿದ್ದಾರೆ ಎಂದರ್ಥ.

ಯಾರು ಹಿಡಿದುಕೊಂಡಿದ್ದಾರೆ ಎಂದು ಯೋಚಿಸಿದಾಗ ಅವಳಿಗೆ ಮೊದಲು ಹೊಳೆದದ್ದು ಸ್ವಂತ ತಮ್ಮ.

ಅಳೆಯುವ ಬಗೆ ಹೀಗಿತ್ತು. ಊರಿನ ಪೂರ್ವದ ಬೆಟ್ಟದ ಮೇಲೆ ಒಂದು ಗುಡಿಸಲು. ಅದರೊಳಗೆ ಎಂಟು ಮುಖದ ಉಕ್ಕಿನ ಕನ್ನಡಿ, ಮುಷ್ಟಿಗಾತ್ರದ್ದು. ಕೊಳವೆಯಿಂದ ಗಾಳಿ ಬಿಟ್ಟರೆ ಅದು ಸೆಕೆಂಡಿಗೆ ಸುಮಾರು ಐನೂರ ಮೂವತ್ತು ಸುತ್ತು ತಿರುಗುತ್ತದೆ. ದೀಪದ ಬೆಳಕು ಅದರ ಒಂದು ಮುಖಕ್ಕೆ ಬಡಿದು, ಮೂವತ್ತೈದು ಕಿಲೋಮೀಟರ್ ಆಚೆಯ ಬೆಟ್ಟದಲ್ಲಿ ನಿಲ್ಲಿಸಿದ ಕನ್ನಡಿಯವರೆಗೆ ಹೋಗಿ, ವಾಪಸು ಬರುತ್ತದೆ. ಅಷ್ಟರಲ್ಲಿ ತಿರುಗುವ ಕನ್ನಡಿ ಒಂದು ಸುತ್ತಿನ ಎಂಟನೇ ಒಂದು ಭಾಗ ತಿರುಗಿ, ಮುಂದಿನ ಮುಖವನ್ನು ಅದೇ ಜಾಗಕ್ಕೆ ತಂದು ನಿಲ್ಲಿಸಿರುತ್ತದೆ. ಸರಿಯಾಗಿ ತಂದಿದ್ದರೆ ಬೆಳಕಿನ ಗೆರೆ ಹೊರಟ ಜಾಗಕ್ಕೇ ಬಂದು ಬೀಳುತ್ತದೆ. ಕೂದಲೆಳೆಯಷ್ಟು ಹೆಚ್ಚು ಕಡಿಮೆಯಾದರೆ ಗೆರೆ ಪಕ್ಕಕ್ಕೆ ಬೀಳುತ್ತದೆ. ಆ ಪಕ್ಕಕ್ಕೆ ಬಿದ್ದದ್ದು ಎಷ್ಟು ಎಂದು, ಗೆರೆಯನ್ನು ನೋಡುವ ಕಣ್ಣುಗಾಜಿನ ಬಳಿಯ ಸಣ್ಣ ಸ್ಕ್ರೂ ತಿರುಗಿಸಿ ನೋಡಬೇಕು. ಬೆಳಗ್ಗೆ ಬಿಸಿಲೇರುವ ಮುಂಚೆ, ಸಂಜೆ ಸೂರ್ಯ ಇಳಿಯುವಾಗ, ಗಾಳಿ ಅಲುಗದ ಒಂದು ಗಂಟೆಯಲ್ಲಿ ಮಾತ್ರ ಈ ಕೆಲಸ ಸಾಧ್ಯ.

ಕಣ್ಣುಗಾಜಿಗೆ ಕೂರುವವನು ತಮ್ಮ. ಗಾಳಿಯ ತಿರುಪು ಹಿಡಿದು ಕನ್ನಡಿಯ ಸುತ್ತನ್ನು ಹದದಲ್ಲಿ ಇಡುವವನು ಹಳೆಯ ಮೆಕ್ಯಾನಿಕ್; ಅವನಿಗೆ ಗಾಳಿಯಣ್ಣ ಎಂದೇ ಹೆಸರು. ಇಬ್ಬರೂ ತಮ್ಮ ತಮ್ಮ ಅಂಕಿಯನ್ನು ಫೋನಿನಲ್ಲಿ ಕೂಗುತ್ತಾರೆ. ಕೆಳಗೆ ಊರಿನ ಕಚೇರಿಯಲ್ಲಿ ಕೂತ ಲೆಕ್ಕದಕ್ಕ ಎರಡನ್ನೂ ಬರೆದುಕೊಂಡು, ಗಾಳಿಯ ಬಿಸಿ ಮತ್ತು ಒತ್ತಡದ ತಿದ್ದುಪಡಿ ಸೇರಿಸಿ, ಯಂತ್ರದ ಹಿಡಿ ತಿರುಗಿಸಿ ಆಗಿಂದಾಗಲೇ ವೇಗ ತೆಗೆಯುತ್ತಾಳೆ. ಅವಳ ಮೇಜಿನ ಎದುರಿನ ಗೋಡೆಗೆ ನಿರ್ದೇಶಕರೇ ಬರೆದು ಅಂಟಿಸಿದ ಒಂದು ಕಾರ್ಡು ಇತ್ತು. 'ಹಿಂದಿನ ಅಂಕಿ 2,99,774. ಇದರಿಂದ ದೂರ ಹೋದರೆ ಯಂತ್ರ ಪರೀಕ್ಷಿಸಿ.' ಆ ಹಿಂದಿನ ಅಂಕಿ ನಿರ್ದೇಶಕರೇ ಇಪ್ಪತ್ತು ವರ್ಷದ ಕೆಳಗೆ ಅಳೆದದ್ದು.

ತಮ್ಮನಿಗೂ ಆ ಅಂಕಿ ಬಾಯಿಪಾಠ. ತಮ್ಮನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಹೊಸ ಅಳತೆ ಹಳೆಯದಕ್ಕೆ ತಾಳೆಯಾದರೆ ಶನಿವಾರ ವರದಿ ಅಚ್ಚಿಗೆ ಹೋಗುತ್ತದೆ, ಅದರ ಬೆನ್ನಿಗೇ ಅವನ ಕಾಯಂ ಆದೇಶಕ್ಕೆ ಸಹಿ ಬೀಳುತ್ತದೆ ಎಂದು ಕಚೇರಿಯಲ್ಲೆಲ್ಲ ಮಾತಿತ್ತು. ಅಲ್ಲದೆ ಚಿಕ್ಕಂದಿನಲ್ಲಿ ಪುಸ್ತಕದ ಕೊನೆಯ ಪುಟದಲ್ಲಿ ಉತ್ತರ ನೋಡಿಕೊಂಡು, ಅಲ್ಲಿಂದ ಹಿಂದಕ್ಕೆ ಲೆಕ್ಕ ಮಾಡುತ್ತಿದ್ದ ಗಿರಾಕಿ ಅವನು. ಏಟು ತಿಂದದ್ದೂ ಉಂಟು.

ಆ ಹಾಳೆಗಳ ಕೆಳಗೆ ಅವಳ ಸಹಿಯಿತ್ತು. ನಾಳೆ ಯಾರಾದರೂ ಕಳ್ಳ ಅಂಕಿ ಎಂದು ಬೆರಳು ತೋರಿಸಿದರೆ ಅದು ಮೊದಲು ನಿಲ್ಲುವುದು ಅವಳ ಹೆಸರಿನ ಮೇಲೆ.

ಮನೆಯಲ್ಲಿ ಅವಳು ಏನೂ ಹೇಳಲಿಲ್ಲ. ಅಕ್ಕ, ತಮ್ಮ, ತಮ್ಮನ ಹೆಂಡತಿ, ಮೂವರೂ ಒಂದೇ ಮನೆಯಲ್ಲಿದ್ದರು. ತಮ್ಮ ಕೈ ತೊಳೆದು ಬಂದವನು ಚಾಪೆಯ ಮೇಲೆ ಕೂತು ಕೇಳಿದ.

"ಅಕ್ಕಾ, ಇವತ್ತಿಂದು ಎಷ್ಟು ಬಂತು?"

"ನಿನಗ್ಯಾಕೆ?"

"ಸುಮ್ನೆ ಕೇಳಿದೆ. ಮಗು ಹೆತ್ತವನಿಗೆ ಗಂಡೋ ಹೆಣ್ಣೋ ಅಂತ ಹೇಳಬಾರ್ದಾ?"

"ಹೆತ್ತವನು ನೀನಲ್ಲ. ಸೂಲಗಿತ್ತಿ ಅಷ್ಟೇ."

ತಮ್ಮ ನಕ್ಕ. ಆ ನಗುವೂ ಅವಳಿಗೆ ಸರಿಯೆನಿಸಲಿಲ್ಲ. ದಿನವೂ ಯಾಕೆ ಕೇಳುತ್ತಾನೆ? ಇವತ್ತೇ ಯಾಕೆ ಅವಳಿಗಿಂತ ಮುಂಚೆ ಮನೆಗೆ ಬಂದ? ಸಂಶಯಕ್ಕೆ ಒಮ್ಮೆ ಕಣ್ಣು ಬಂದರೆ ಅದು ರೆಪ್ಪೆ ಮುಚ್ಚುವುದಿಲ್ಲ.

ಬುಧವಾರ ಬೆಳಗ್ಗೆ ಬಟ್ಟೆ ನೆನೆಹಾಕುವಾಗ ತಮ್ಮನ ಅಂಗಿಯ ಜೇಬಿನಲ್ಲಿ ಒಂದು ಚೀಟಿ ಸಿಕ್ಕಿತು. ಪೆನ್ಸಿಲಿನಲ್ಲಿ ಮಂಗಳವಾರದ ತಾರೀಖು, ಅದರ ಕೆಳಗೆ 'ಐದೂವರೆ', ಅದರ ಮುಂದೆ 774. ಏಳನೇ ಹಾಳೆಯ ಮೊದಲ ರೀಡಿಂಗು ಫೋನಿನಲ್ಲಿ ಬಂದದ್ದು ಐದು ಗಂಟೆ ಐವತ್ತು ನಿಮಿಷಕ್ಕೆ. ಅಂದರೆ ಅಳತೆ ಶುರುವಾಗುವ ಇಪ್ಪತ್ತು ನಿಮಿಷ ಮುಂಚೆಯೇ ಉತ್ತರ ಅವನ ಜೇಬಿನಲ್ಲಿತ್ತು.

ಅವಳು ಚೀಟಿಯನ್ನು ಒಣ ಕೈಯಲ್ಲಿ ಮಡಚಿ ಕೈಚೀಲಕ್ಕೆ ಹಾಕಿಕೊಂಡಳು. ತಮ್ಮನನ್ನು ಕೇಳಬೇಕು ಎಂದು ಒಂದು ಸಲ ಅನಿಸಿತು. ಕೇಳಿದರೆ ಕಥೆ ಕಟ್ಟುತ್ತಾನೆ ಎಂದೂ ಅನಿಸಿತು. ಹನ್ನೊಂದು ಗಂಟೆಗೆ ಅರ್ಧ ಪುಟದ ಟಿಪ್ಪಣಿ ಬರೆದು, ಚೀಟಿಯನ್ನು ಗುಂಡುಪಿನ್ನಿನಲ್ಲಿ ಚುಚ್ಚಿ, ನಿರ್ದೇಶಕರ ಮೇಜಿನ ಮೇಲಿಟ್ಟಳು.

ನಿರ್ದೇಶಕರು ಎರಡು ಸಲ ಓದಿದರು.

"ನಿನ್ನ ಸ್ವಂತ ತಮ್ಮ ಅಲ್ವೇನಮ್ಮ ಇವನು?"

"ಹೌದು ಸಾರ್."

"ಮನೇಲಿ ಏನಾದ್ರೂ ಜಗಳವಾ?"

"ಇಲ್ಲ ಸಾರ್. ಅಂಕಿ ಜಗಳ ಅಷ್ಟೇ."

ಅವರು ಕನ್ನಡಕ ತೆಗೆದು ಅವಳನ್ನು ನೋಡಿದರು. ತಮ್ಮನನ್ನು ನಂಬದವಳನ್ನು ತಾವು ಹೇಗೆ ನಂಬುವುದು ಎಂದು ಕೇಳುವ ಹಾಗಿತ್ತು ಆ ನೋಟ. ಆದರೆ ಚೀಟಿ ಚೀಟಿಯೇ. ಮಧ್ಯಾಹ್ನ ಎರಡಕ್ಕೆ ತಮ್ಮನ ಕೈಗೆ ಪತ್ರ ಹೋಯಿತು: ವಿಚಾರಣೆ ಮುಗಿಯುವವರೆಗೆ ಬೆಟ್ಟಕ್ಕೆ ಬರಕೂಡದು. ಯಾರ ದೂರು ಎಂದು ಅವನು ಕೇಳಿದ್ದಕ್ಕೆ ನಿರ್ದೇಶಕರು ಮುಚ್ಚಿಡಲಿಲ್ಲ.

ಆ ಸಂಜೆ ಕಣ್ಣುಗಾಜಿಗೆ ಗಾಳಿಯಣ್ಣ ಕೂತ. ಗಾಳಿಯ ತಿರುಪನ್ನು ನಿರ್ದೇಶಕರೇ ಹಿಡಿದರು. ಇನ್ನು ಮೋಸಕ್ಕೆ ಎಡೆಯಿಲ್ಲ ಎಂದುಕೊಂಡು ಲೆಕ್ಕದಕ್ಕ ಫೋನನ್ನು ಕಿವಿಗೆ ಒತ್ತಿ ಹಿಡಿದಳು.

"ಲೆಕ್ಕದಕ್ಕ, ನನ್ನ ಕಣ್ಣಿಗೆ ಪೊರೆ ಬಂದಿದೆ, ತಪ್ಪಾದ್ರೆ ಬೈಬೇಡಿ," ಎಂದ ಗಾಳಿಯಣ್ಣ.

"ನಿಮ್ಮ ಬಾಯಿಗೂ ಒಂದಿಷ್ಟು ಪೊರೆ ಬರಲಿ. ರೀಡಿಂಗ್ ಹೇಳಿ."

ಮೊದಲ ಹನ್ನೆರಡು ರೀಡಿಂಗು ತುಂಬಾ ಮೇಲೆ ಹೋದವು. ಎಂದಿನಂತೆ ಅವಳು, "ಕನ್ನಡಿ ಇನ್ನೂ ತಿರುಗಿ ಕಾದಿಲ್ಲ ಅಂತ ಕಾಣ್ಸುತ್ತೆ, ಹೊಸ ಹಾಳೆ ತಗೊಳ್ಳೋಣ," ಎಂದು ಆ ಹಾಳೆಗೆ ಕೆಂಪು ಗೆರೆ ಎಳೆದು ಪಕ್ಕಕ್ಕಿಟ್ಟಳು. ಆಮೇಲಿನ ಹಾಳೆ ಹದಿನೇಳನೇ ರೀಡಿಂಗಿಗೆ ಹದಕ್ಕೆ ಬಂತು. "ಸಾಕು," ಎಂದಳು. ಸರಾಸರಿ 2,99,773.

ಫೋನು ಇಟ್ಟ ಮೇಲೂ ಅವಳ ಕೈ ಅದರ ಮೇಲೇ ಇತ್ತು. ತಮ್ಮ ಅಲ್ಲಿರಲಿಲ್ಲ. ಆದರೂ ಅದೇ ಅಂಕಿ. ಗಾಳಿಯಣ್ಣನೂ ಇದರಲ್ಲಿ ಸೇರಿದ್ದಾನೆಯೇ? ಕಣ್ಣಿಗೆ ಪೊರೆ ಬಂದವನಿಗೆ ಅಷ್ಟು ಕರಾರುವಾಕ್ಕಾಗಿ ಹೇಗೆ ಸಿಕ್ಕಿತು? ತಿರುಪು ಹಿಡಿದಿದ್ದವರು ನಿರ್ದೇಶಕರು, ಹಳೆಯ ಅಂಕಿಯೂ ಅವರದ್ದೇ. ತನ್ನ ಅಂಕಿ ಉಳಿಯಲಿ ಎಂಬ ಆಸೆ ಅವರಿಗಿಂತ ಹೆಚ್ಚು ಯಾರಿಗಿದ್ದೀತು? ಬಸ್ಸಿನಲ್ಲಿ ಮನೆಗೆ ಹೋಗುವ ಅರ್ಧ ಗಂಟೆ ಅವಳು ಒಬ್ಬೊಬ್ಬರನ್ನೇ ಕಟಕಟೆಗೆ ಹತ್ತಿಸಿ ಇಳಿಸಿದಳು.

ಮನೆಯಲ್ಲಿ ತಮ್ಮ ಕಿಟಕಿಯ ಬಳಿ ಕೂತಿದ್ದ. ತಲೆ ಎತ್ತಲಿಲ್ಲ. ಅವನ ಹೆಂಡತಿ ತಟ್ಟೆ ತಂದು ಸದ್ದಾಗುವ ಹಾಗೆ ಇಟ್ಟಳು.

"ಊಟ ಮಾಡಿ ಅತ್ತಿಗೆ. ಕಲ್ಲು ಗಿಲ್ಲು ಇದೆಯೇನೋ ನೋಡ್ಕೊಂಡು ತಿನ್ನಿ. ಇದ್ರೆ ಮೇಲಿನವರಿಗೆ ಒಂದು ಟಿಪ್ಪಣಿ ಬರೆದುಬಿಡಿ."

"ನೀನು ಸುಮ್ನಿರು," ಎಂದ ತಮ್ಮ. ಆಮೇಲೆ ಅಕ್ಕನ ಕಡೆ ತಿರುಗಿದ. "ಚೀಟಿ ತೋರಿಸಿ ಒಂದು ಮಾತು ಕೇಳಿದ್ರೆ ಹೇಳ್ತಿದ್ದೆನಲ್ಲ."

"ಈಗ ಹೇಳು."

"ಟೀ ಪಂದ್ಯ. ನನಗೂ ಗಾಳಿಯಣ್ಣನಿಗೂ. ಹಾಳೆ ಶುರುವಾಗೋ ಮುಂಚೆ ಇಬ್ರೂ ಒಂದೊಂದು ಅಂಕಿ ಬರೆದಿಡ್ತೀವಿ, ಹತ್ತಿರ ಬಂದವನಿಗೆ ಇನ್ನೊಬ್ಬ ಟೀ ಕುಡಿಸಬೇಕು. ಅವನು ದಿನಾ ಹೊಸ ಅಂಕಿ ಹಾಕ್ತಾನೆ, ಬುದ್ಧಿವಂತ. ನಾನು ದಿನಾ ಏಳುನೂರ ಎಪ್ಪತ್ನಾಕು. ಇವತ್ತಿಗೂ ಒಂದು ಟೀ ಸೋತಿಲ್ಲ."

"ಅದೇ ಬರುತ್ತೆ ಅಂತ ನಿನಗೆ ಹೇಗೆ ಗೊತ್ತು?"

ಅವನು ಅವಳನ್ನು ವಿಚಿತ್ರವಾಗಿ ನೋಡಿದ.

"ಗೊತ್ತಾಗೋಕೆ ಏನಿದೆ? ಅಂಕಿ ಅಲ್ಲಿಗೆ ಬಂದು ಕೂರೋವರೆಗೂ ನೀನು ಸಾಕು ಅನ್ನಲ್ವಲ್ಲ."

ಲೆಕ್ಕದಕ್ಕ ತುತ್ತು ಕೈಯಲ್ಲೇ ಹಿಡಿದು ಕೂತಳು.

"ನಾನು ಮೇಲೆ ಕೂತು ಸ್ಕ್ರೂ ಓದ್ತೀನಿ. ಮೂವತ್ತೊಂದು, ಇಪ್ಪತ್ತೆಂಟು, ನಲವತ್ತು. ಅದರಿಂದ ವೇಗ ಎಷ್ಟು ಅಂತ ನನಗೇನು ಗೊತ್ತು? ಸುತ್ತಿನ ಲೆಕ್ಕ ಗಾಳಿಯಣ್ಣನ ಹತ್ರ, ಬಿಸಿ ಒತ್ತಡದ ಲೆಕ್ಕ ನಿನ್ನ ಹತ್ರ. ಮೋಸ ಮಾಡ್ಬೇಕು ಅಂದ್ರೂ ಯಾವ ಕಡೆಗೆ ಮಾಡ್ಲಿ? ನೀನು ಇನ್ನೊಂದು ಅಂದ್ರೆ ಇನ್ನೊಂದು ಓದ್ತೀನಿ. ಹೊಸ ಹಾಳೆ ಅಂದ್ರೆ ಹೊಸ ಹಾಳೆ. ಸಾಕು ಅಂದ್ರೆ ದೀಪ ಆರಿಸ್ತೀನಿ. ಅದು ನಿಯಮ ಅಂದ್ಕೊಂಡಿದ್ದೆ. ಅಲ್ವಾ?"

ಅದು ನಿಯಮವಾಗಿರಲಿಲ್ಲ. ಒಂದು ಹಾಳೆಗೆ ಎಷ್ಟು ರೀಡಿಂಗು ಎಂದು ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ. ಅಂಕಿ 'ಕೂತಿತು' ಎನಿಸಿದಾಗ ನಿಲ್ಲಿಸುವುದು ಆ ಕೋಣೆಯಲ್ಲಿ ಹಿಂದಿನಿಂದ ನಡೆದುಬಂದ ರೂಢಿ. ಅವಳಿಗೆ ಅದನ್ನು ಕಲಿಸಿಕೊಟ್ಟವರೂ ಹಾಗೇ ಮಾಡುತ್ತಿದ್ದರು.

ಗುರುವಾರ ಅವಳು ಎಲ್ಲರಿಗಿಂತ ಮುಂಚೆ ಕಚೇರಿಗೆ ಹೋದಳು. ಮೊದಲು ಪ್ರತಿ ಹಾಳೆಯ ರೀಡಿಂಗುಗಳನ್ನು ಎಣಿಸಿದಳು. ಆರು, ಹತ್ತೊಂಬತ್ತು, ಹನ್ನೊಂದು, ಐದು, ಇಪ್ಪತ್ತಮೂರು, ಒಂಬತ್ತು, ಹದಿನಾಲ್ಕು, ನಿನ್ನೆಯದು ಹದಿನೇಳು. ಒಂದಕ್ಕೊಂದು ಸಂಬಂಧವಿಲ್ಲ. ಐದು ರೀಡಿಂಗಿನ ನಾಲ್ಕನೇ ಹಾಳೆ ಯಾಕೆ ಅಷ್ಟು ಬೇಗ ಮುಗಿಯಿತು? ಐದನೆಯ ರೀಡಿಂಗಿಗೇ ಸರಾಸರಿ 774ಕ್ಕೆ ಬಂದಿತ್ತು, ಅದಕ್ಕೆ. ಐದನೇ ಹಾಳೆ ಯಾಕೆ ಇಪ್ಪತ್ತಮೂರರವರೆಗೆ ಎಳೆಯಿತು? ಅಲ್ಲಿಯವರೆಗೂ ಬಂದಿರಲಿಲ್ಲ, ಅದಕ್ಕೆ. ಅಂಗಳದಲ್ಲಿ ಓಡಾಡುವ ಮಗು ನಾವು ಬಯಸಿದ ಮೂಲೆಗೆ ಬಂದ ಕ್ಷಣಕ್ಕೆ ಅದರ ಕೈ ಹಿಡಿದು, 'ಇದು ಬೆಳಗ್ಗೆಯಿಂದ ಇಲ್ಲೇ ಇತ್ತು' ಎಂದು ಊರಿಗೆಲ್ಲ ಸಾರಿದ ಹಾಗೆ.

ಅವಳು ಒಂದು ಅಂಕಿಯನ್ನೂ ತಿದ್ದಿರಲಿಲ್ಲ. ಬರೆದ ಒಂದೊಂದು ರೀಡಿಂಗೂ ನಿಜ. ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಮಾತ್ರ ಗೋಡೆಯ ಮೇಲಿನ ಕಾರ್ಡು ನೋಡಿ ತೀರ್ಮಾನಿಸಿದ್ದಳು.

ಕೆಳಗಿನ ಖಾನೆಯಲ್ಲಿ ಕೆಂಪು ಗೆರೆ ಎಳೆದ ಹಾಳೆಗಳಿದ್ದವು. ಹಿಂಬದಿ ಖಾಲಿ ಇರುವುದರಿಂದ ಕಚ್ಚಾ ಲೆಕ್ಕಕ್ಕೆ ಆಗುತ್ತವೆ ಎಂದು ಇಟ್ಟುಕೊಂಡಿದ್ದಳು. ಎಲ್ಲದರ ಮೇಲೂ ಅವಳದೇ ಅಕ್ಷರ: 'ಕನ್ನಡಿ ಕಾದಿರಲಿಲ್ಲ.' ಮೊದಲು, ಕನ್ನಡಿ ನಿಜವಾಗಿಯೂ ಕಾದಿರಲಿಲ್ಲವೋ ಎಂದು ನೋಡಿದಳು. ಅವುಗಳಲ್ಲಿ ಮೂರು ಹಾಳೆ, ಕನ್ನಡಿ ಮುಕ್ಕಾಲು ಗಂಟೆ ತಿರುಗಿದ ಮೇಲೆ ತೆಗೆದದ್ದು. ಕಾದಿರಲಿಲ್ಲ ಎಂಬುದು ನೆಪ. ತನಗೇ ಗೊತ್ತಿಲ್ಲದ ಹಾಗೆ ತಾನೇ ಹುಡುಕಿಕೊಂಡ ನೆಪ.

ಗೆರೆ ಎಳೆದ ಹಾಳೆಗಳಲ್ಲಿ ನೂರ ನಲವತ್ತೊಂಬತ್ತು ರೀಡಿಂಗು. ಅವುಗಳದ್ದೇ ಸರಾಸರಿ 2,99,798. ಇಟ್ಟುಕೊಂಡದ್ದು, ಬಿಟ್ಟದ್ದು ಎಲ್ಲ ಸೇರಿಸಿ ಇನ್ನೂರ ಐವತ್ತಮೂರು. ಹಿಡಿ ತಿರುಗಿಸಿ ತಿರುಗಿಸಿ ಮೊಣಕೈ ನೋಯತೊಡಗಿತು. ಎರಡು ಸಲ ಮಾಡಿದಳು. ಎರಡು ಸಲವೂ 2,99,788 ಬಂತು.

ಹದಿನಾಲ್ಕು ಕಿಲೋಮೀಟರಿನ ವ್ಯತ್ಯಾಸ. ಬೆಳಕಿಗೆ ಅದು ಲೆಕ್ಕಕ್ಕಿಲ್ಲ. ತಮ್ಮನ ಕೆಲಸಕ್ಕೆ ಅದೇ ಎಲ್ಲ.

ಅವಳು ಎಲ್ಲದರ ನಕಲು ಬರೆದು ಮೊದಲು ದಾಖಲೆ ಕೋಣೆಗೆ ಕೊಟ್ಟು ರಶೀದಿ ಪಡೆದಳು. ಆಮೇಲೆ ನಿರ್ದೇಶಕರ ಬಾಗಿಲು ತಟ್ಟಿದಳು. ಆ ಕ್ರಮವನ್ನು ಅವಳು ಬೇಕೆಂದೇ ಹಾಗಿಟ್ಟುಕೊಂಡಿದ್ದಳು. ಯಾರನ್ನೂ ಪೂರ್ತಿ ನಂಬುವ ಸ್ಥಿತಿಯಲ್ಲಿ ಅವಳಿರಲಿಲ್ಲ.

"ಸಾರ್, ನಿನ್ನೆಯ ಟಿಪ್ಪಣಿ ವಾಪಸು ತಗೋತೀನಿ. ಅಂಕಿ ಹಿಡಿದು ಕೂರಿಸಿದ್ದು ತಮ್ಮ ಅಲ್ಲ. ನಾನು."

ನಿರ್ದೇಶಕರು ಕುರ್ಚಿಗೆ ಒರಗಿದರು. "ನಿನ್ನೆ ತಮ್ಮನನ್ನ ಸಿಕ್ಕಿಹಾಕಿಸಿದೆ. ಇವತ್ತು ಬಿಡಿಸೋಕೆ ಬಂದಿದೀಯ. ರಾತ್ರಿ ಮನೇಲಿ ಯಾರು ಅತ್ತರಮ್ಮ?"

"ಅಳುವವರು ಅಳಲಿ ಸಾರ್. ಎಣಿಕೆ ನೋಡಿ."

ಅವಳು ಹಾಳೆಗಳನ್ನು ತಾರೀಖಿನ ಪ್ರಕಾರ ಇಟ್ಟಳು. ಪ್ರತಿ ರೀಡಿಂಗಿನ ಪಕ್ಕ ಅಲ್ಲಿಯವರೆಗಿನ ಸರಾಸರಿಯನ್ನು ಪೆನ್ಸಿಲಿನಲ್ಲಿ ಬರೆದಿದ್ದಳು. ಒಂದರ ಕೊನೆಯ ಸಾಲುಗಳಲ್ಲಿ 801, 793, 782, 774, ಅಲ್ಲಿಗೆ ಸಾಕು. ಇನ್ನೊಂದರಲ್ಲಿ 740, 758, 766, 775, ಅಲ್ಲಿಗೆ ಸಾಕು. ಕೆಂಪು ಗೆರೆಯ ಹಾಳೆಗಳಲ್ಲಿ 830, 822, 819, 825. ಅವು 774ರ ಹತ್ತಿರ ಬರುವ ಲಕ್ಷಣವೇ ಇರಲಿಲ್ಲ, ಆದ್ದರಿಂದ ಹೊರಗೆ.

ನಿರ್ದೇಶಕರ ಬೆರಳು ಪ್ರತಿ ಹಾಳೆಯ ಕೊನೆಯ ಸಾಲಿಗೆ ಹೋಗಿ ನಿಲ್ಲುತ್ತಿತ್ತು. ಎಂಟನೇ ಹಾಳೆಗೆ ಬರುವ ಹೊತ್ತಿಗೆ ಅವರ ಮುಖದಲ್ಲಿ ತಮಾಷೆ ಉಳಿದಿರಲಿಲ್ಲ.

"ಇದು ಇನ್ನೂ ಯಾರಿಗೆ ಗೊತ್ತು?"

"ದಾಖಲೆ ಕೋಣೆಗೆ ಪ್ರತಿ ಹೋಗಿದೆ ಸಾರ್."

"ನನ್ನ ಹತ್ರ ಬರೋಕೆ ಮುಂಚೆನೇ?"

"ಹೌದು ಸಾರ್."

"ನನ್ನ ಮೇಲೂ ಅನುಮಾನ."

"ನನ್ನ ಮೇಲೇ ಅನುಮಾನ ಬಂದ ಮೇಲೆ ಇನ್ನಾರನ್ನ ಬಿಡ್ಲಿ ಸಾರ್?"

ಅವರು ಹಾಳೆಗಳನ್ನು ಒಟ್ಟುಮಾಡಿ ಅಂಚು ಸರಿಪಡಿಸಿದರು. ಹೊರಗೆ ಬೆರಳಚ್ಚು ಯಂತ್ರದ ಸದ್ದು ಕೇಳುತ್ತಿತ್ತು. ಕೊನೆಗೆ ಅವರು ಕೇಳಿದ ಪ್ರಶ್ನೆ ಅವಳು ಎಣಿಸಿದ್ದಲ್ಲ.

"ಇಪ್ಪತ್ತು ವರ್ಷದ ಹಿಂದೆ ನನ್ನ ಹಾಳೆಗಳನ್ನ ಯಾರು ಲೆಕ್ಕ ಮಾಡಿದ್ದು, ನೆನಪಿದೆಯಾ?"

"ನಾನೇ ಸಾರ್. ಆಗ ನನಗೆ ಕೆಲಸದಲ್ಲಿ ಎರಡನೇ ವರ್ಷ."

"ಆಗ ಎದುರಿಗೆ ಕಾರ್ಡು ಇತ್ತಾ?"

ಅವಳು ಯೋಚಿಸಿದಳು. ಅಂದಿನ ಕೋಣೆ ಬೇರೆ, ಮೇಜು ಬೇರೆ. ಗೋಡೆಯ ಮೇಲೆ ಏನಿತ್ತು, ಏನಿರಲಿಲ್ಲ ಎಂದು ಆಣೆ ಮಾಡಿ ಹೇಳುವ ಹಾಗಿರಲಿಲ್ಲ.

"ಕಾರ್ಡು ಇತ್ತೋ ಇಲ್ವೋ ಗೊತ್ತಿಲ್ಲ ಸಾರ್. ಅದಕ್ಕೂ ಹಿಂದಿನವರ ಅಂಕಿ ಯಾವುದು ಅಂತ ಎಲ್ಲರಿಗೂ ಗೊತ್ತಿತ್ತು."

ನಿರ್ದೇಶಕರು ಗಂಟೆ ಒತ್ತಿ, ಹಳೆಯ ಅಳತೆಯ ಪೆಟ್ಟಿಗೆಯನ್ನು ಕೋಣೆಗೆ ತರಲು ಹೇಳಿದರು. ಪೆಟ್ಟಿಗೆ ಬಂದ ಮೇಲೆ ಬಾಗಿಲು ಹಾಕಿಕೊಂಡರು. ಅದರಲ್ಲಿ ಅವರಿಗೆ ಏನು ಕಂಡಿತು ಎಂದು ಅವರು ಯಾರಿಗೂ ಹೇಳಲಿಲ್ಲ. ಅವಳೂ ಕೇಳಲಿಲ್ಲ.

ಶನಿವಾರ ವರದಿ ಅಚ್ಚಿಗೆ ಹೋಗಲಿಲ್ಲ. ಆ ದಿನವೇ ಎರಡು ಆದೇಶ ಹೊರಟವು. ಒಂದು, ತಮ್ಮನ ಮೇಲಿನ ವಿಚಾರಣೆ ರದ್ದು. ಕಾಯಂ ಮಾಡುವ ವಿಷಯವನ್ನು ಹೊಸ ಅಳತೆ ಮುಗಿದ ನಂತರ ನೋಡತಕ್ಕದ್ದು. ಇನ್ನೊಂದು, ಪ್ರತಿ ಹಾಳೆಗೂ ನಲವತ್ತು ರೀಡಿಂಗು, ಒಂದು ಹೆಚ್ಚಲ್ಲ ಒಂದು ಕಡಿಮೆಯಲ್ಲ. ಅಳತೆ ನಡೆಯುವಾಗ ಬೆಟ್ಟಕ್ಕೂ ಲೆಕ್ಕದ ಕೋಣೆಗೂ ಫೋನ್ ಸಂಪರ್ಕ ಇರಕೂಡದು. ಹಾಳೆಗಳನ್ನು ಲಕೋಟೆಯಲ್ಲಿ ಮುಚ್ಚಿ ಕಳಿಸತಕ್ಕದ್ದು.

ತಮ್ಮ ಆದೇಶ ಓದಿ ಮಡಚಿಟ್ಟ. ಅಕ್ಕನ ಹತ್ತಿರ ಆ ದಿನವೂ ಮಾತಾಡಲಿಲ್ಲ, ಭಾನುವಾರವೂ ಮಾತಾಡಲಿಲ್ಲ. ಸೋಮವಾರ ಸಂಜೆ ಬೆಟ್ಟ ಹತ್ತಿ ಕಣ್ಣುಗಾಜಿಗೆ ಕೂತ. ಮಂಗಳವಾರ ಬೆಳಗ್ಗೆ ಲಕೋಟೆ ಒಡೆದು ಲೆಕ್ಕದಕ್ಕ ಮೊದಲ ಹಾಳೆಯ ಸರಾಸರಿ ತೆಗೆದಳು: 2,99,803. ಬುಧವಾರದ ಲಕೋಟೆಯಿಂದ ಬಂದದ್ದು 2,99,781, ಇಪ್ಪತ್ತೆರಡು ಕಡಿಮೆ. ಎರಡಕ್ಕೂ ಸಹಿ ಹಾಕಿ ಮೇಲಕ್ಕೆ ಕಳಿಸಿದಳು.